ಎಂಟನೆಯ ಚೌಕ

ನಾಲ್ಕು ಸರಳು ಬೆಸೆದ ಚೌಕ, ಮೀಟರ್ ಉದ್ದ, ಮೀಟರ್ ಅಗಲ.
ದಸರೆ ಮುಗಿದ ಮೇಲೆ ಹದಿನೈದು ದಿನ
ಹೊನ್ನಿಕೇರಿ ದಾಟಿ, ಜಂಬಿಟ್ಟಿಗೆ ನೆಲ ಬೆನ್ನು ತೋರಿಸಿ ಮಲಗಿರುವ
ಗಾಯರಾಣದ ತನಕ ಅದನ್ನು ಹೊರುತ್ತೇನೆ.
ಇಟ್ಟಲ್ಲಿ ಕೂತು, ಒಳಗಿದ್ದುದರ ಹೆಸರು ಕೂಗುತ್ತೇನೆ.
ತಸ್ನೀಮ್ ಮೇಡಂ ಬರಕೊಳ್ಳುತ್ತಾರೆ.

ಸರ್ಕಾರ ಕೊಟ್ಟ ಕೆಲಸ ಬೇರೆ: ಬೆಂಕಿ ಕಾವಲು.
ಮಾಘದಿಂದ ರೋಹಿಣಿ ಮಳೆಯ ತನಕ ದಿನಗೂಲಿ.
ಹೊಗೆ ಕಂಡರೆ ಓಡು, ಹಸಿ ಲಕ್ಕಿ ಟೊಂಗೆಯಿಂದ ಬಡಿ, ಫೋನು ಮಾಡು.
ಕಡ್ಡಿಪೆಟ್ಟಿಗೆ ಇದೆಯೇ ಅಂತ
ಮೊದಲ ದಿನ ಸಾಹೇಬರು ನನ್ನ ಅಂಗಿ ಜೇಬು ಮುಟ್ಟಿ ನೋಡಿದ್ದರು.

ಅವರಿಗೆ ನಾನು ಹೇಳಲಿಲ್ಲ,
ನಮ್ಮ ಸೋದರಮಾವ ಅಮೋಗೆಪ್ಪ
ಶಿವರಾತ್ರಿ ಕಳೆದು, ಗಾಳಿ ಇನ್ನೂ ಎಳಸಾಗಿರುವಾಗ,
ಕುರಿಗಳನ್ನು ಹಳ್ಳದಾಚೆ ಅಟ್ಟಿ
ಈ ಮಾಳಕ್ಕೇ ಕಿಡಿ ಇಡುತ್ತಿದ್ದ ಎಂದು.
ಎಲ್ಲಕ್ಕೂ ಅಲ್ಲ. ಈ ವರ್ಷ ಒಂದು ಮಗ್ಗುಲು,
ಮುಂದಿನ ವರ್ಷ ಇನ್ನೊಂದು.
"ಬೀಜ ಉದುರ್ಯಾವೇನ್ ನೋಡು ಮೊದಲ" ಅನ್ನುತ್ತಿದ್ದ,
ಅಂಗೈಯಲ್ಲಿ ತೆನೆ ತಿಕ್ಕಿ, ಊದಿ.
ನಾನು ಹಿಂದೆ, ಟೊಂಗೆ ಹಿಡಕೊಂಡು, ಕೆಮ್ಮುತ್ತ.
ಯುಗಾದಿಗೆ ನಾಲ್ಕು ಹನಿ ಬಿದ್ದರೆ
ಕರಿ ನೆಲದ ಮೈಯೆಲ್ಲ ಹಸಿರು ಮೊಳೆ.
ಕುರಿಗಿಂತ ಮೊದಲು ಚಿಗರಿಗಳು ಬರುತ್ತಿದ್ದವು.

ಒಂದು ವರ್ಷ ತಡಮಾಡಿದ.
ನೆಲಗುಬ್ಬಿಯ ಗೂಡಿನಲ್ಲಿ ಮೂರು ಮೊಟ್ಟೆ
ಬೆಂದು ಒಡೆದಿದ್ದವು.
ಆವತ್ತು ಅವನು ಬುತ್ತಿ ಬಿಚ್ಚಲಿಲ್ಲ.

ಈಗ ಎಂಟು ಚೌಕ.
ಐದು ಬಯಲಿಗೆ, ಮೂರು ತಂತಿ ಬೇಲಿಯೊಳಗೆ.
ಅಲ್ಲಿ ನಾಲ್ಕು ವರ್ಷದಿಂದ
ಕುರಿ ಇಲ್ಲ, ದನ ಇಲ್ಲ, ಬೆಂಕಿ ಇಲ್ಲ.

ಮೊದಲನೆಯದು, ಕುರಿ ಬಂದು ಹೋಗುವ ದಾರಿ:
ಗರಿಕೆ, ತುಂಬೆ, ನೆಲನೆಲ್ಲಿ, ಅಡವಿ ಹೆಸರು, ನೆಗ್ಗಿಲು,
ವಿಷ್ಣುಕ್ರಾಂತಿ, ಕಿರುಬೆರಳ ಉಗುರಿನಷ್ಟು ನೀಲಿ,
ಇದಕ್ಕ ಹೆಸರು ಗೊತ್ತಿಲ್ರಿ, ನಮ್ಮವ್ವ ಕಿವಿನೋವಿಗೆ ಹಿಂಡತಿದ್ಲು,
ಇದು ಕುರಿ ಮೂಸಿ ಬಿಡೂದು,
ಇದು ಮೂಸದನೇ ತಿನ್ನೂದು...
ಇಪ್ಪತ್ತಾರು.
ಮೇಡಂ ಪೆನ್ನು ಬದಲಿಸಿದರು.

ನಾಲ್ಕನೆಯದು ಬಾವಿ ಹತ್ತಿರ,
ಇಡೀ ಊರಿನ ಆಡು ನಿಲ್ಲುವ ಜಾಗ.
ಆರು. ಅದರಲ್ಲಿ ಎರಡು ಮುಳ್ಳು.
ಹಲ್ಲು ನೆಲಕ್ಕೆ ಪುರುಸೊತ್ತೇ ಕೊಟ್ಟಿಲ್ಲ.

ಎಂಟನೆಯದು ಬೇಲಿಯೊಳಗೆ.
ಸೂಜಿಹುಲ್ಲು ಎದೆಮಟ್ಟ.
ಒಂದರ ಮೇಲೊಂದು ಒರಗಿದ ಮೂರು ವರ್ಷದ ಕರಡ,
ಕೈ ಹಾಕಿದರೆ ತೇವ, ಕತ್ತಲು, ಹುಳಿ ವಾಸನೆ,
ಬಿಳಿಚಿಕೊಂಡ ಯಾವುದೋ ಒಂದು ಎಳೆ.
ಹೋದ ತಿಂಗಳು ಜೀಪಿನಲ್ಲಿ ಬಂದವರು ತಂತಿಯಾಚೆ ನಿಂತು
"ಎಷ್ಟು ಸಮೃದ್ಧ" ಅಂತ ಫೋಟೋ ಹಿಡಕೊಂಡು ಹೋಗಿದ್ದರು.
ನಾನು ಮೂರು ಹೆಸರು ಕೂಗಿ ಸುಮ್ಮನಾದೆ.
"ಮುಂದೆ?" ಅಂದರು ಮೇಡಂ.
ಮುಂದ ಇಲ್ರಿ.

ಹೋದ ಸಲ ಇಲ್ಲೊಂದು ವಿಷ್ಣುಕ್ರಾಂತಿ ಇತ್ತು.
ಮಂಡಿಯೂರಿ, ಕರಡ ಬಗೆದು ಹುಡುಕಿದೆ,
ಬಿದ್ದುಹೋದ ಕಿವಿಯೋಲೆ ಹುಡುಕುವ ಹಾಗೆ.

ಸಂಜೆ ಹೇಳಿಯೇಬಿಟ್ಟೆ:
ಶಿವರಾತ್ರಿ ಕಳೀಲಿ, ಒಂದು ಕಡ್ಡಿ ಗೀರತೀನಿ ಮೇಡಂ.
ಇಲ್ಲಾ, ತಂತಿ ಎತ್ತಿ ಮಾವನ ಕುರಿ ಒಂದು ಹೊತ್ತು ಬಿಡತೀನಿ.
ಅವರು ಚೀಲದ ಜಿಪ್ ಎಳೆಯುತ್ತಿದ್ದವರು ತಡೆದರು.
"ಹೀಂಗೇ ಇರ್ಲಿ, ಮಾಳಿಂಗ.
ಬರದಿದ್ದನ್ನ ಯಾರೂ ನಂಬೂದಿಲ್ಲ.
ಹಸರು ಸಾಯೂದು ಹೊರಗಿನಿಂದ ಕಾಣಸೂದಿಲ್ಲ.
ಬಗದು ತೋರಸಲಾಕ ಒಂದಾದ್ರೂ ಬೇಕು."

ಖರೆ ಅಂದರೆ ಖರೆ.
ಆದರೂ ರಾತ್ರಿ ಊಟ ಸೇರಲಿಲ್ಲ.

ಕಟ್ಟೆ ಮೇಲೆ ಕೂತು, ಪ್ಯಾಂಟಿಗೆ ಚುಚ್ಚಿಕೊಂಡ
ಹುಲ್ಲಿನ ಸೂಜಿಗಳನ್ನು ಕೀಳುತ್ತೇನೆ.
ಉಣ್ಣೆಗೆ ಹತ್ತಿದ ಹಾಗೆ ಹತ್ತಿಕೊಂಡಿವೆ.
ಒದ್ದೆ ಕೈಯಲ್ಲಿ ಹಿಡಿದರೆ ಒಂದೊಂದೂ
ತಿರುಚಿದ ಬಾಲ ಬಿಚ್ಚುತ್ತ ಮೆಲ್ಲಗೆ ತಿರುಗುತ್ತದೆ,
ನೆಲ ಸಿಕ್ಕಿತು ಅಂದುಕೊಂಡು
ನನ್ನ ಅಂಗೈ ಕೊರೆಯಲು.