ಎರಡು ಬೆರಳಿನ ಅಂತರ

ಶನಿವಾರ ಒಂಬತ್ತಕ್ಕೆ ಶಟರು ಅರ್ಧ ಇಳಿಸಿ
ಗುತ್ಯಮ್ಮ ಸೌಂಡ್ಸಿನ ಹಳೇ ಬಿಲ್ ಬುಕ್ಕು ತೆಗೆದು
ಟೀವಿಯ ಮುಂದೆ ಕೂರುತ್ತೇನೆ.
ಬಿಲ್ಲಿನ ಮುಂಬದಿ: ಹಾರ್ನು ನಾಲ್ಕು, ಮೈಕು ಎರಡು, ಬಾಕಿ ಮುನ್ನೂರು.
ಹಿಂಬದಿ ನನ್ನದು.

ಅಲ್ಲಿ ಗಾಜಿನ ಮೇಜಿನ ಹಿಂದೆ ತೀರ್ಪುಗಾರರು ಮೂವರು.
ನಾಲ್ಕನೆಯವ ಇಲ್ಲಿ ಆನಂದಪುರದಲ್ಲಿ,
ಸುಟ್ಟ ಆಂಪ್ಲಿಫೈಯರುಗಳ ನಡುವೆ.
ಅವರಿಗೆ ತಿಳಿಸಿಲ್ಲ.

ಹಾವೇರಿಯ ಹುಡುಗ. ಕಂಠವೇನೋ ದೊಡ್ಡದು,
ಹೊಳೆಯಾಚೆಯ ದನ ಕರೆಯುವ ಹಾಗೆ
ಪ್ರತಿ ಸಾಲನ್ನೂ ಎತ್ತುತ್ತಾನೆ.
ಹತ್ತಿದ್ದಕ್ಕೆ ತಕರಾರಿಲ್ಲ,
ಇಳಿಯುವಾಗ ಏಣಿ ಬಿಟ್ಟು ಹಾರಿದ. ಆರು.

ಮೈಸೂರಿನ ಸುಮೇಧ, ಸಂಗೀತ ಕಲಿತವನು.
ಗಮಕಕ್ಕೆ ಗಮಕ ಪೋಣಿಸುತ್ತ ಹೋದ;
ಹಾಡು ಎಲ್ಲಿ ಬಿತ್ತೆಂದು ನಾನು
ಕುರ್ಚಿಯ ಕೆಳಗೆಲ್ಲ ಹುಡುಕಿದೆ.
ಆರೂವರೆ. ಅರ್ಧ, ಅವನ ಗುರುವಿಗೆ.

ಗಂಗಾವತಿಯ ಪುಟ್ಟಿ ತಾಳ ತಪ್ಪಿದಳು,
ತಪ್ಪಿದ್ದು ಗೊತ್ತಾಗಿ ನಕ್ಕುಬಿಟ್ಟಳು.
ಢೋಲಕಿನವನು ಒಂದು ಆವರ್ತ ಸುಮ್ಮನೆ ಕಾದ,
ಮತ್ತೆ ಹಿಡಿದಳು.
ಎಂಟು. ಕಾದವನಿಗೆ ಕೊಡಲು ಕಾಲಮ್ಮಿಲ್ಲ.

ಕೆಂಪು ಶಾಲಿನ ತೀರ್ಪುಗಾರ್ತಿ ಅತ್ತರು.
ಅವರ ಕಣ್ಣೀರಿಗಿಂತ ಕಾಲು ಕ್ಷಣ ಮೊದಲೇ
ಪಿಟೀಲು ಶುರುವಾಗುತ್ತದೆ; ಇದನ್ನೂ ಬರೆದುಕೊಂಡೆ.
‘ನಿಮ್ಮದು ಹಾರ್ನಿನ ಕಿವಿ ಮಾರಾಯ್ರೇ,
ಮನುಷ್ಯರದ್ದಲ್ಲ’ ಎಂದಳು ಸೀತು,
ಬಟಾಣಿ ಸುಲಿಯುತ್ತ, ಮೂಗು ಒರೆಸುತ್ತ.

ಆಮೇಲೆ ಪ್ರಫುಲ್ಲಾ.
ನಮ್ಮ ಗ್ಯಾಸ್ ಸ್ಟೌ ರಿಪೇರಿ ತಿಮ್ಮಣ್ಣನ ಮಗಳು.
ಬಸ್‌ಸ್ಟ್ಯಾಂಡಿನ ಬ್ಯಾನರಿನಲ್ಲಿ ಅವಳ ಮುಖಕ್ಕಿಂತ
ಶುಭ ಕೋರಿದವರ ಮುಖ ದೊಡ್ಡದಿದೆ.

ಪಲ್ಲವಿ ಚೆನ್ನಾಗಿತ್ತು.
ಎರಡನೇ ಚರಣದಲ್ಲಿ ತಾಳಗುಪ್ಪದ ರೈಲು ದಾಟಿ
ಅರ್ಧ ಸಾಲು ನುಂಗಿತು.
ಉಳಿದರ್ಧದಲ್ಲಿ ಶ್ರುತಿ ಒಂದು ಎಳ್ಳಿನಷ್ಟು ಕೆಳಗೆ.
ಕೇಳಿಸಲಿಲ್ಲ ಅಂದುಕೊಳ್ಳಲು ನೋಡಿದೆ.
ಕೇಳಿಸಿತ್ತು.

ನಡುವಿನ ತೀರ್ಪುಗಾರರು ಕನ್ನಡಕ ತೆಗೆದರು.
‘ಮೈಕಿಗೂ ತುಟಿಗೂ ನಡುವೆ
ಎರಡೇ ಎರಡು ಬೆರಳು. ಕೂದಲೆಳೆ ಕದಲಲಿಲ್ಲ.
ಎಷ್ಟೋ ಜನಕ್ಕೆ ಹತ್ತು ವರ್ಷಕ್ಕೂ ಬರುವುದಿಲ್ಲ ಇದು.
ಯಾರಮ್ಮಾ ಕಲಿಸಿದ್ದು?’

ಅವಳು ಮೇಲ್ದುಟಿ ಮುಟ್ಟಿಕೊಂಡು ನಕ್ಕಳು.
‘ನಮ್ಮೂರಲ್ಲಿ ಒಬ್ಬರು, ಸಾರ್.’
ಚಪ್ಪಾಳೆ. ಜಾಹೀರಾತು.

ಸೀತು ನನ್ನ ಕಡೆ ನೋಡಲಿಲ್ಲ.

ಏಳು ವರ್ಷದ ಹಿಂದೆ, ಹೈಸ್ಕೂಲು ಮೈದಾನ, ರಾಜ್ಯೋತ್ಸವ.
ಸಂಜೆ ಸುರಿದು ನಿಂತ ಅಡ್ಡಮಳೆ, ಒದ್ದೆ ಹಲಗೆ, ಬರಿಗಾಲು.
ಮೈಕು ನನ್ನದು. ಜನರೇಟರು ನನ್ನದು.
‘ಅರ್ಥಿಂಗ್ ಹಾಕಿದೀರಾ?’ ಎಂದು ಮೇಷ್ಟ್ರು ಕೇಳಿದಾಗ
‘ಹೂಂ’ ಎಂದ ನಾಲಿಗೆಯೂ ನನ್ನದೇ.
ಮೊದಲ ಅಕ್ಷರಕ್ಕೇ ಅವಳ ತುಟಿಗೆ ಜುಮ್ಮೆಂದು ಹೊಡೆಯಿತು.
ಒಂಬತ್ತನೇ ಕ್ಲಾಸು. ಕೂಗಲಿಲ್ಲ, ಅಳಲಿಲ್ಲ.
ಎರಡು ಬೆರಳು ಹಿಂದೆ ಸರಿದು
ಅಲ್ಲೇ ನಿಂತು ಹಾಡು ಮುಗಿಸಿದಳು.
ಇಳಿದು ಬಂದವಳಿಗೆ ನಾನು ಕೊಟ್ಟದ್ದು
ಒಂದು ಮ್ಯಾಂಗೋ ಜ್ಯೂಸು.
‘ಅಪ್ಪಂಗೆ ಹೇಳಬೇಡ ಪುಟ್ಟಾ.’
ಹೇಳಿಲ್ಲ. ಇವತ್ತೂ ಹೇಳಲಿಲ್ಲ.

ಜಾಹೀರಾತು ಮುಗಿಯಿತು. ಬಿಲ್ ಬುಕ್ಕು ತೊಡೆಯ ಮೇಲೆ.
ಇಡೀ ಊರು ಅವಳಿಗೆ ಹತ್ತು ಕೊಟ್ಟಿರುತ್ತದೆ ಈ ಹೊತ್ತಿಗೆ.
ಎಳ್ಳಿನಷ್ಟು ಇಳಿದ ಶ್ರುತಿಯನ್ನು ಬರೆದೆ.
ಏಳೂವರೆ ಎಂದು ಬರೆದೆ. ಹೊಡೆದು ಹಾಕಲಿಲ್ಲ.
ಅದರ ಪಕ್ಕದಲ್ಲಿ
ಬಾಕಿ ಎಂದು ಬರೆದು
ಅಂಕಿ ಹಾಕಲು ತಿಳಿಯದೆ ಬಿಟ್ಟೆ.

ಸೋಮವಾರ ಅಂಗಡಿಯ ಹಿಂದೆ ಗುಂಡಿ ತೋಡಿದೆ,
ಸೊಂಟದ ಆಳ.
ಮಂಡಿಯಿಂದ ಇದ್ದಿಲು ಒಂದು ಚೀಲ,
ಶಿವಮೊಗ್ಗದಿಂದ ತಾಮ್ರದ ಸರಳು,
ಕಲ್ಲುಪ್ಪು ಹತ್ತು ಕೇಜಿ.

‘ಇಷ್ಟು ಉಪ್ಪು ಯಾಕೋ, ಉಪ್ಪಿನಕಾಯಿಗಾ?’
ಸೈಕಲ್ ನಿಲ್ಲಿಸಿ ಕೇಳಿದ ತಿಮ್ಮಣ್ಣ,
ಕೈಯಲ್ಲಿ ಮಗಳಿಗೆ ಓಟು ಹಾಕುವ ನಂಬರಿನ ಚೀಟಿಗಳು.

ಒಂದು ಚೀಟಿ ಇಸಿದುಕೊಂಡೆ.
‘ಹೂಂ’ ಎಂದೆ.