ಮನ್ಯಾಗ ಎಷ್ಟ ಮಂದಿ

ಫಾರ್ಮಿನ ಮೊದಲನೇ ಪ್ರಶ್ನಿ ಅದ.
ಉದ್ಯಮಬಾಗದ ಹಿಂದ, ನಾಲಾ ದಾಟಿದ್ರ
ತಗಡಿನ ಸಾಲು, ಏಳನೇ ಖೋಲಿ.
"ಐದು" ಅಂದ ಸರತ್ ಬೆಹೆರಾ,
ಗಂಜಾಂ ಕಡಿಯಾಂವ, ಫೌಂಡ್ರಿಯಾಗ ಅಚ್ಚು ಬಡಿಯಾಂವ.
ಮಾಲಕಗ ಹೇಳಿದ್ದು ಐದ ಮಂದಿ ಲೆಕ್ಕ.
ನಾ ಪೆನ್ನ ಇಳಿಸಿ ಬಾಗಲದಾಗ ಚಪ್ಪಲಿ ಎಣಿಸಿದೆ:
ಹದಿನೇಳು. ಒಂದಕ್ಕ ಜೋಡಿಲ್ಲ.

ಹಾಸಿಗಿ ಮೂರು.
ಹಗಲ ಪಾಳಿಯಾಂವ ಎದ್ದ ಹೋದ ತಗ್ಗಿನಾಗ
ರಾತ್ರಿ ಪಾಳಿಯಾಂವ ಬಂದ ಬೀಳತಾನ.
ವರ್ಷ ಆತು, ಆ ಕೌದಿ ಒಮ್ಮೆನೂ ಆರಿಲ್ಲ.
ಆದ್ರ ಕೌದಿದಲ್ಲ ತಪ್ಪು.
ಈ ಜಡ್ಡು ಹಾಸಿಗಿ ಹಿಡದು ಬರೂದಿಲ್ಲ,
ಗಂಗಾಳ ಹಿಡದೂ ಬರೂದಿಲ್ಲ,
ಟ್ರೇನಿಂಗಿನಾಗ ಹೇಳ್ಯಾರ, ನಾನೂ ನೂರ ಮನಿಗೆ ಹೇಳೇನಿ.
ಒಬ್ಬಾಂವ ಬಿಟ್ಟ ಉಸರು ಇನ್ನೊಬ್ಬಾಂವ ತಗೋಳೂದು,
ಅಷ್ಟ.

ಇರೂ ಒಂದ ಕಿಡಕಿಗೆ ಸಿಮೆಂಟ ಚೀಲ ತುರುಕ್ಯಾರ.
"ದೀದಿ, ನಿಮ್ಮೂರ ಗಾಳಿ ಎಲುವಿಗೆ ಹತ್ತತೈತಿ."
ಖರೇನ. ಮಾರ್ಗಶಿರದಾಗ ಬೆಳಗಾವಿ ಥಂಡಿ
ಇಲ್ಲೇ ಹುಟ್ಟಿದವರನ್ನೂ ಬಿಡೂದಿಲ್ಲ.

ಎರಡ ವಾರ ದಾಟಿದ ಕೆಮ್ಮು ಯಾರಿಗೈತಿ?
ಸರತ್ ಮುಂದ ಬಂದ. ಅವನ ತಮ್ಮ ಕಾನ್ಹು.
ಮತ್ತ ಬುಲು, ಹತ್ತೊಂಬತ್ತರ ಹುಡುಗ,
ಬೆಲ್ಟಿಗೆ ಮೊಳಿಲೆ ಹೊಸಾ ಮೂರು ತೂತು.
"ಭಟ್ಟಿ ಹೊಗಿ, ಉಸುಕಿನ ಧೂಳಿ" ಅಂದ್ರು.
ಡಬ್ಬಿ ಕೊಟ್ಟೆ. ಮುಂಜಾನೆ ಎದ್ದಕೂಡ್ಲೆ,
ಬಾಯಿ ಮುಕ್ಕಳಿಸಿ, ಎದಿ ಆಳದಿಂದ; ಉಗುಳಲ್ಲ, ಕಫ.
ಭಾಷಾ ಸಾಲದ ಕಡೆ ಮಾಡಿ ತೋರ್ಸಿದೆ. ನಕ್ಕರು.
ನಗು ಕೆಮ್ಮಾಗಿ ಖೋಲಿ ತುಂಬ ಹೊಳ್ಯಾಡಿತು.

ಮೂರ ಡಬ್ಬಿ ಸಾಕು ಅಂತ ಏಳಾಕತ್ತಿದ್ದೆ.
ಒಲಿ ಹಂತೇಕ ಬೆನ್ನ ಮಾಡಿ ಕುಂತಾಕಿ,
ಸರತನ ಹೆಂಡತಿ ಝುನು,
ಸೆರಗ ಬಾಯಿಗೆ ಒತ್ತಿಕೊಂಡ್ಲು.
ಭುಜ ಅಷ್ಟ ಎರಡ ಸಲ ಅಳ್ಳಾಡಿದವು.
ಸಪ್ಪಳಿಲ್ಲದ ಕೆಮ್ಮು ನನಗ ಗೊತ್ತೈತಿ.
ನಮ್ಮವ್ವನೂ ಹಂಗ ಕೆಮ್ಮತಿದ್ಲು, ಅತ್ತಿ ಮನ್ಯಾಗ.

"ಯಾವಾಗಿಂದ?"
ಬೆರಳ ಮಡಚಿದ್ಲು: ದೀವಳಿಗಿ, ದಸರಾ,
ಅದಕ್ಕೂ ಮೊದಲು. ಗಂಡಗಿಂತ ಮೊದಲು.
"ಮತ್ತ್ಯಾಕ ಹೇಳಲಿಲ್ಲ?"
"ಯಾರೂ ಕೇಳಲಿಲ್ಲ."

ಗಲ್ಲಿಗೆಲ್ಲಾ ಒಂದ ಮಾತು: ಪರವೂರಿನವರು ತಂದ ಜಡ್ಡು.
ಮಾಲಕ ಯಲ್ಲೂರಕರ ನನ್ನ ಕಂಡಾಗೊಮ್ಮೆ
ಮೂಗಿಗೆ ಟಾವೆಲ್ ಹಿಡದು ಅದನ್ನ ಹೇಳತಾರ.
ಫಾರ್ಮಿನ ಒಂಬತ್ತನೇ ಕಲಂ: ಬ್ಯಾರೆ ಎಲ್ಲೆಲ್ಲಿ ಹೋಗತೀರಿ?
ಝುನು ಬೆರಳು ಮಾಲಕರ ಮಾಳಿಗಿ ಕಡೆ ಎತ್ತಿದ್ಲು.
ದಿನಾ ಎರಡ ತಾಸು, ಅವರ ಮುಪ್ಪಾದ ತಂದಿ,
ಪಡದಾ ಇಳಿಬಿಟ್ಟ ಖೋಲಿ,
ಅರವಿ ಬದಲಸೂದು, ಉಗುಳೂ ಡಬ್ಬಾ ತೊಳಿಯೂದು.
ಅಜ್ಜಗ ಬ್ಯಾಸಗಿಯಿಂದ ಬರೇ "ದಮ್ಮು" ಅಂತ.

ಫಾರ್ಮಿನಾಗ ಬಾಣಕ್ಕ ಜಾಗಾ ಇಲ್ಲ.
ಅಂಚಿನಾಗ ಸಣ್ಣಗ ಒಂದ ಹಾಕಿದೆ,
ಮಾಳಿಗಿಯಿಂದ ತಗಡಿಗೆ ಇಳಿಯೂ ಬಾಣ.
ಮತ್ತೆರಡ ಡಬ್ಬಿ ತಗದೆ.
ಒಂದು ಒಲಿ ಹಂತೇಕ ಇಟ್ಟೆ.
ಇನ್ನೊಂದ ಹಿಡಕೊಂಡು ಯಲ್ಲೂರಕರ ಮೆಟ್ಟಲ ಮುಂದ
ಭಾಳ ಹೊತ್ತ ನಿಂತೆ.

ಅದಕ್ಕೂ ಮೊದಲ ಕಿಡಕಿ ಚೀಲ ನಾನ ಕಿತ್ತಿದ್ದೆ.
ವಾರ ಬಿಟ್ಟ ಬಂದ್ರ ಮತ್ತ ಅಲ್ಲೇ ಇತ್ತು.
ಆದ್ರ ನಟ್ಟನಡುವ ಯಾರೋ ಬ್ಲೇಡಿಲೆ
ಅಂಗೈ ಅಗಲ ಕೊರದಿದ್ರು.
ಝುನು ಅದರ ಎದರಿಗೆ ಕುಂತು ಅನ್ನ ಬಸಿಯಾಕತ್ತಿದ್ಲು,
ಗಂಜಿ ಉಗಿ ಆ ತೂತ ಹುಡುಕ್ಕೊಂತ ಹೊಂಟಿತ್ತು.