ಇನ್ನೂ ಹುಟ್ಟದವನ ಪಾಲಿಸಿ

ಡೂಂಲೈಟ್ ಸರ್ಕಲ್ಲಿನ ಗೋಬಿ ಗಾಡಿಯ ಹಿಂದೆ
ಖಾಲಿ ಸಿಲಿಂಡರಿನ ಮೇಲೆ ಫಾರಂ ಇಟ್ಟುಕೊಂಡು
ಕೇಳಿದೆ: ಹುಟ್ಟಿದ ವರ್ಷ?
ಎರಡು ಸಾವಿರದ ಐವತ್ತೆರಡು, ಅಂದ.

ಹತ್ತೊಂಬತ್ತು ವರ್ಷದಿಂದ ಏಜೆಂಟು ನಾನು.
ವಯಸ್ಸು ಕದ್ದವರನ್ನು ಕಂಡಿದ್ದೇನೆ, ಸಕ್ಕರೆ ಕಾಯಿಲೆ ಮುಚ್ಚಿಟ್ಟವರನ್ನು,
ಎರಡನೇ ಹೆಂಡತಿಯ ಹೆಸರನ್ನು ಪೆನ್ಸಿಲ್ಲಲ್ಲಿ ಬರೆಸಿದವರನ್ನು.
ಇನ್ನೂ ಹುಟ್ಟದೇ ಇರುವವನು
ಸಾವಿಗೆ ಕಂತು ಕಟ್ಟಲು ಬಂದದ್ದು ಇದೇ ಮೊದಲು.

ನೇಪಾಳದ ಕಾರ್ಡು ತೋರಿಸಿದ. ಹೌದು, ಅಲ್ಲಿನ ಲೆಕ್ಕವೇ ಬೇರೆ,
ಐವತ್ತೇಳು ಕಳೀಬೇಕು.
ಬಾಣಲೆ ಪಕ್ಕ ನಿಂತು ಬೆರಳಲ್ಲೇ ಕಳೆದೆ. ಇಪ್ಪತ್ತೊಂಬತ್ತು.
ಕಮ್ಮಿ ವಯಸ್ಸು, ಕಂತೂ ಕಮ್ಮಿ, ಅಂದೆ. ನಕ್ಕ.

ಹೆಸರು: ಟೇಕ್ ಬಹದ್ದೂರ್ ಘರ್ತಿ.
ಖಾಯಂ ವಿಳಾಸ: ರೋಲ್ಪಾ. ಬಸ್ಸು ನಿಂತ ಮೇಲೆ ಆರು ಗಂಟೆ ನಡಿಗೆ.
ಪಿನ್ ಕೋಡಿಗೆ ಆರು ಚೌಕ, ಅವನ ಹತ್ತಿರ ಐದೇ ಅಂಕಿ.
ಕೊನೆಯದು ಖಾಲಿ ಬಿಟ್ಟೆ.

ಗುರುತಿನ ಮಚ್ಚೆ ಎರಡು ಬೇಕು.
ಎಡಮೊಣಕಾಲಿಗೆ ಕುಡುಗೋಲು ತಾಗಿದ್ದು, ಊರಿನದು.
ಬಲಮುಂಗೈಗೆ ಎಣ್ಣೆ ಹಾರಿದ್ದು, ಕೋಲಾರದ್ದು.

ತಂದೆ? ಇಲ್ಲ. ಕಾರಣ?
"ಗುಡ್ಡ ಬಂತು."
ಗುಡ್ಡ ಬರೋದು ಅಂದ್ರೆ? ತಲೆಯೆತ್ತಿ ನೋಡಿದರೆ
ಅಂತರಗಂಗೆ ಬೆಟ್ಟ ನಾನು ಹುಟ್ಟಿದಾಗಿನಿಂದ ಅಲ್ಲೇ ಕೂತಿದೆ,
ಒಂದು ಗುಂಡೂ ಕದಲಿಲ್ಲ.
ಅವನು ಸೌಟು ಕೆಳಗಿಟ್ಟು, ಅಂಗೈ ಓರೆ ಮಾಡಿ
ಹಿಟ್ಟಿನ ಬೇಸಿನ್ನಿನ ಮೇಲೆ ಜಾರಿಸಿ ತೋರಿಸಿದ.
ಹೃದಯ, ಕಿಡ್ನಿ, ಬಿಪಿ, ಕ್ಯಾನ್ಸರು, ಇತರೆ.
ಇತರೆ, ಅಂತ ಬರೆದೆ.

ನಾಮಿನಿ: ಜುನ್‌ಕುಮಾರಿ. ಸಂಬಂಧ: ಹೆಂಡತಿ.
ನಡುವೆ ಯಾರೋ ಅರ್ಧ ಪ್ಲೇಟು ಕೇಳಿದರು, ಡ್ರೈ.
ಕೊಟ್ಟು, ಕೈ ಒರೆಸಿಕೊಂಡು ಬಂದು ಕೇಳಿದ
ತನ್ನ ಎಂಟು ತಿಂಗಳ ಕನ್ನಡದಲ್ಲಿ:
"ಅಕ್ಕ, ನಾನು ಸತ್ತು ಹೋದ್ರೆ ಅವಳಿಗೆ ಯಾರು ಹೇಳ್ತಾನೆ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ.
ನಮ್ಮಲ್ಲಿ ಸಾವು ಹೊಸ್ತಿಲು ದಾಟೋ ಮುಂಚೆಯೇ
ಸುದ್ದಿ ದಾಟಿರುತ್ತೆ, ಬೇತಮಂಗಲದ ಚಿಕ್ಕಮ್ಮ ಬಸ್ಸಿಳಿದು
ಬೀದಿ ತುದಿಯಿಂದಲೇ ಅಳುತ್ತಾ ಬರುತ್ತಾಳೆ.
ನನ್ನ ಗಂಡ ಹೋದದ್ದು ನನಗಿಂತ ಮೊದಲು
ಹಾಲಿನವನಿಗೆ ಗೊತ್ತಿತ್ತು.

ಫಾರಂ ತಿರುಗಿಸಿ ನೋಡಿದೆ, ಅದಕ್ಕೆ ಕಾಲಂ ಇಲ್ಲ.
ಆಫೀಸಿನವರು ಇನ್ನೊಂದು ಕಾಗದ ಕೇಳಬಹುದು,
ಒಪ್ಪದೆಯೂ ಇರಬಹುದು. ಹೇಳಿದ್ದೇನೆ ಅವನಿಗೆ.

ರಾತ್ರಿ ಮನೆಯಲ್ಲಿ ಡೈರಿ ತೆಗೆದೆ.
ಟೊಮೆಟೊ ಮಂಡಿ ನಾರೆಪ್ಪನ ಕಂತು ಬಾಕಿ,
ಗ್ಯಾಸ್ ಬುಕ್ ಮಾಡಬೇಕು,
ಅದರ ಕೆಳಗೆ ರೋಲ್ಪಾದ ಒಂದು ಅಂಗಡಿಯ ನಂಬರು.
ಅಂಗಡಿಯವನು ಕೂಗಿದರೆ ಅವಳಿಗೆ ಕೇಳಿಸುತ್ತಂತೆ,
ಗಾಳಿ ಆ ಕಡೆಗೆ ಬೀಸುತ್ತಿದ್ದರೆ.

ಅವರ ಭಾಷೆಯಲ್ಲಿ ಒಂದೇ ಮಾತು ಹೇಳಿಕೊಟ್ಟಿದ್ದಾನೆ:
ಸಂಚೈ ಛ. ಚೆನ್ನಾಗಿದ್ದಾನೆ.
ಇನ್ನೊಂದು ಮಾತನ್ನು ನಾನು ಕೇಳಲಿಲ್ಲ,
ಅವನೂ ಹೇಳಲಿಲ್ಲ.